ಹತ್ತರ ಹಿಂದಿನ ಮೈನಸ್

ಪುಟ್ಟೀ,

ಎಬ್ಬಿಸಲು ಮನಸ್ಸಾಗಲಿಲ್ಲ, ರೈಲ್ವೆ ಯಾರ್ಡಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿದೇ ಪರೀಕ್ಷೆಗೆ ಹೋಗು.

ನಿನ್ನ ಲೆಕ್ಕವೇ ಸರಿ ಕಣೇ. ಗೋಡೆಯ ಕಡೆ ಪ್ಲಸ್ ಅಂತ ಹಿಡಿದರೆ, ಒಂದು ಕೆಜಿ ಚೆಂಡು ಆರರ ವೇಗದಲ್ಲಿ ಬಡಿದು ನಾಲ್ಕರಲ್ಲಿ ತಿರುಗಿ ಬಂದಾಗ ಗೋಡೆ ಚೆಂಡಿಗೆ ಕೊಡುವ ಹೊಡೆತ, ಆ ಇಂಪಲ್ಸ್, ಮೈನಸ್ ಹತ್ತೇ. ಗೋಡೆ ಅದನ್ನು ಮೊದಲು ನಿಲ್ಲಿಸಬೇಕು, ಆಮೇಲೆ ಹಿಂದಕ್ಕೂ ತಳ್ಳಬೇಕು. ನಿನ್ನೆ ರಾತ್ರಿ ನಾನು ಆರರಲ್ಲಿ ನಾಲ್ಕು ಕಳೆದು, "ಎರಡು ಅಂತ ಬರಿ, ಆ ಮೈನಸ್ ಅಳಿಸು" ಅಂತ ರೇಗಿದೆ. ನೀನು ಅಳುತ್ತಾ ಅಳಿಸಿದೆ.

ನನ್ನ ಎಡಗೈ ಮುರಿದದ್ದು ಹಳಿಯ ಕೊನೆಯ ತಡೆಗೆ ಬಡಿದು ಹಿಂದಕ್ಕೆ ಬಂದ ವ್ಯಾಗನ್ನಿನಿಂದಲೇ. ಅಂಥ ಪೆಟ್ಟು ತಿಂದರೂ ಬುದ್ಧಿ ಬರಲಿಲ್ಲ.

ಆ ಎರಡನ್ನು ಹೊಡೆದುಹಾಕಿ, ನೀನು ಅಳಿಸಿದ ಮೈನಸ್ ಹತ್ತನ್ನು ಪೆನ್ನಿನಲ್ಲಿ ಬರೆದಿದ್ದೇನೆ. ಇನ್ನು ಮೇಲೆ ನಾನು ಗದರಿದರೂ ಅಳಿಸಬೇಡ.

ಅಪ್ಪ