ಗುಬ್ಬಚ್ಚಿ ಕೆಳಗಿಳಿಸಿದ ವಿಡಿಯೊ

ಶುಕ್ರವಾರ ಸಂಜೆ
ಶಾಲೆಯ ಕಂಪ್ಯೂಟರ್ ಕೋಣೆಯಿಂದ

ನನ್ನ ಜಗಳಗಂಟಿ ಅಕ್ಕನಿಗೆ, ತಂಗಿಯ ತುಂಬು ಪ್ರೀತಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಹತ್ತು ಆಡಿ ಮುಗಿಸಿರುತ್ತೀಯ. ಇ-ಮೇಲಿನಲ್ಲಿ ಕಳಿಸುವ ಈ ಕಾಗದದ ಬಾಯಿಗೆ ನೀನು ಅಡ್ಡ ಬರುವ ಹಾಗಿಲ್ಲ.

ವಿಜ್ಞಾನದ ಟೀಚರಿಗೆ ಪುಸ್ತಕ ಸಾಲದೇ, ಮಕ್ಕಳಿಗೆ ಇಂಟರ್‌ನೆಟ್ ಯಾಕೆ ತೋರಿಸುತ್ತೀಯ ಎಂದು ಕೇಳಿದ್ದೆಯಲ್ಲ. ನಾನು ತೋರಿಸುವುದೇನು ಬಂತು, ಅವರೇ ನನಗಿಂತ ಮೊದಲು ನೋಡಿರುತ್ತಾರೆ. ನಾನು ಕಲಿಸುವುದು ಜರಡಿ ಹಿಡಿಯುವುದನ್ನು. ಒಂಬತ್ತನೇ ತರಗತಿಗೆ ಆನ್‌ಲೈನಿನಲ್ಲಿ ಒಂದು ಫಲಕ ಮಾಡಿಕೊಟ್ಟಿದ್ದೇನೆ. ನೋಟಿಸ್ ಬೋರ್ಡಿನಂಥದ್ದೇ, ಚೀಟಿಯ ಬದಲು ಲೇಖನ, ಚಿತ್ರ, ವಿಡಿಯೊ ಅಂಟಿಸಬಹುದು. ಯಾರು ಏನು ಬೇಕಾದರೂ ಅಂಟಿಸಲಿ. ಆದರೆ ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು ಎಂದು ಕೆಳಗೆ ಬರೆಯಬೇಕು. ಬರೆಯಲಾಗದಿದ್ದರೆ ಅದು ಕೆಳಗಿಳಿಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಂಟಲು ಹರಿದುಕೊಂಡರೂ ಬಾರದ ಬುದ್ಧಿ, ತಾವೇ ಅಂಟಿಸಿದ್ದನ್ನು ತಾವೇ ಕೀಳುವಾಗ ಬರುತ್ತದೆ ಅಕ್ಕ.

ಈ ಸಲದ ವಿಷಯ ಸಕ್ಕರೆ ಕಾಯಿಲೆ. ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಸದಾ ಚಿಲಿಪಿಲಿ ಎನ್ನುವುದರಿಂದ ಎಲ್ಲರಿಗೂ ಗುಬ್ಬಚ್ಚಿ. ಅವಳು ಹೆಮ್ಮೆಯಿಂದ ಒಂದು ವಿಡಿಯೊ ಅಂಟಿಸಿದಳು. ಹಸಿರು ಗೋಡೆಯ ಅಡುಗೆಮನೆಯಲ್ಲಿ ನಿಂತ ಹೆಂಗಸೊಬ್ಬಳು, ಬೆಳಗ್ಗೆ ಖಾಲಿ ಹೊಟ್ಟೆಗೆ ಕಹಿ ಎಲೆಯ ರಸ ಕುಡಿಯಿರಿ, ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆಯಿರಿ ಎಂದು ನಗುನಗುತ್ತಾ ಹೇಳುತ್ತಾಳೆ. ಲಕ್ಷಗಟ್ಟಲೆ ಜನ ನೋಡಿದ್ದಾರೆ. ಆಕೆ ಗುಬ್ಬಚ್ಚಿಯ ಅಮ್ಮ.

ಹೇಳಿದವರು ಯಾರು ಎಂಬಲ್ಲಿ ಹುಡುಗಿ ಥಟ್ಟನೆ ‘ನನ್ನ ಅಮ್ಮ’ ಎಂದು ಬರೆದಳು. ಹೇಗೆ ಗೊತ್ತು ಎಂಬಲ್ಲಿ ಕೈ ನಿಂತಿತು. ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ ಎಂದಳು. ಮರುದಿನ ಯಾರ ಮುಖವನ್ನೂ ನೋಡದೆ ವಿಡಿಯೊ ತಾನೇ ತೆಗೆದಳು. ‘ಅಮ್ಮನನ್ನು ಕೇಳಿದೆ. ನೋಡಿದವರು ಚೆನ್ನಾಗಿದೆ ಅಂದರಂತೆ. ಅಷ್ಟು ಸಾಲದು’ ಎಂದು ಕಾರಣ ಬರೆದಳು. ಆಮೇಲೆ ನಲ್ಲಿಯ ಹತ್ತಿರ ನಿಂತು ಬಹಳ ಹೊತ್ತು ಮುಖ ತೊಳೆದುಕೊಂಡಳು.

ಸುದ್ದಿ ಮನೆ ಮುಟ್ಟಿತು. ತಾಯಿ ಕೆಂಡವಾಗಿ ದೊಡ್ಡ ಮೇಡಂ ಕೋಣೆಗೆ ಬಂದರು. ಮಗಳ ಕೈಯಲ್ಲೇ ತಾಯಿಯ ಮರ್ಯಾದೆ ತೆಗೆಸುವುದು ಯಾವ ಪಾಠ ಎಂದು ಕೇಳಿದರು. ದೊಡ್ಡ ಮೇಡಂಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ವರ್ಷದ ಮಟ್ಟಿಗೆ ಫಲಕ ಮುಚ್ಚಿಬಿಡಿ ಎಂದು ನನಗೆ ಮೆಲ್ಲಗೆ ಹೇಳಿದರು. ಮುಚ್ಚುವುದಿಲ್ಲ ಎಂದೆ, ಕಡ್ಡಿ ಮುರಿದ ಹಾಗೆ. ಆ ತಾಯಿಯ ಕಡೆ ತಿರುಗಿ, ತರಗತಿಗೆ ಬನ್ನಿ, ಬೇರೆಯವರನ್ನು ಕೇಳುವುದನ್ನೇ ಮಕ್ಕಳು ನಿಮ್ಮನ್ನೂ ಕೇಳುತ್ತಾರೆ, ಉತ್ತರ ಸಿಕ್ಕರೆ ನಿಮ್ಮ ವಿಡಿಯೊ ಮತ್ತೆ ಹತ್ತುತ್ತದೆ ಎಂದೆ. ಆಕೆಯೇನು ಹೆದರುವವರೇ? ಬಂದರು.

ಕುರ್ಚಿಯಲ್ಲಿ ನೆಟ್ಟಗೆ ಕೂತು, ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮಕ್ಕಳು ಮರ್ಯಾದೆಯಿಂದಲೇ ಕೇಳಿದರು. ರಸ ಕುಡಿಯುವ ಮೊದಲು, ಆಮೇಲೆ ರಕ್ತಪರೀಕ್ಷೆ ಮಾಡಿಸಿದವರು ಯಾರಾದರೂ ಇದ್ದಾರೆಯೇ? ವಾಸಿಯಾಯಿತು ಎಂದವರು ಮಾತ್ರೆಯನ್ನೂ ನುಂಗುತ್ತಿದ್ದರೇ? ಆಕೆ ಅರಳು ಹುರಿದಂತೆ ಮಾತಾಡುವವರು, ಒಂದಕ್ಕೂ ಸಿಕ್ಕಿಬೀಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಗುಬ್ಬಚ್ಚಿ ಎದ್ದು ನಿಂತಳು.

“ಅಮ್ಮ, ಅಜ್ಜಿಗೆ ಮಾತ್ರೆ ನಿಲ್ಲಿಸಿದ್ದೀಯಾ?”

ಆಕೆ ಕಿಟಕಿಯ ಕಡೆ ನೋಡಿದರು. ಇಷ್ಟು ಸಾಕು ಎನ್ನಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

“ಇಲ್ಲ ಕಣೇ. ನಮ್ಮಮ್ಮಂಗೆ ನಿಲ್ಲಿಸೋಕೆ ನಂಗೆ ಧೈರ್ಯ ಬರ್ಲಿಲ್ಲ.”

ಯಾರೂ ನಗಲಿಲ್ಲ. ನಾನು ಆ ಮಕ್ಕಳ ಬಗ್ಗೆ ಹೆಮ್ಮೆಪಟ್ಟದ್ದು ಆ ಗಳಿಗೆಯಲ್ಲಿ.

ಮೂರ್ನಾಲ್ಕು ದಿನ ತಾಯಿ ಮಗಳಿಗೆ ಮಾತಿರಲಿಲ್ಲವಂತೆ. ಆಮೇಲೆ ಆಕೆ ಹಳೆಯ ವಿಡಿಯೊ ಅಳಿಸಿ, ಅದೇ ಅಡುಗೆಮನೆಯಲ್ಲಿ ನಿಂತು ಹೊಸದೊಂದು ಮಾಡಿದರು. ಡಾಕ್ಟರನ್ನು ಕೇಳಿಬಂದೆ, ಮಾತ್ರೆ ಬಿಡಬೇಡಿ, ನಾನು ಹೇಳಿದ್ದು ತಪ್ಪು ಎಂದರು. ಫೋನು ಹಿಡಿದುಕೊಂಡಿದ್ದವಳು ಗುಬ್ಬಚ್ಚಿ. ನೋಡುಗರಲ್ಲಿ ಬೈದವರು ಬೈದರು, ಬಿಟ್ಟುಹೋದವರು ಹೋದರು. ಫಲಕಕ್ಕೆ ಏರಿಸಬೇಕೇ ಎಂದು ಮಕ್ಕಳು ಒಂದು ಪೂರ್ತಿ ಪೀರಿಯಡ್ ಕಿತ್ತಾಡಿದರು. ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ವಿನಾಯಿತಿ ಇಲ್ಲವಂತೆ! ಕೊನೆಗೆ, ಡಾಕ್ಟರನ್ನು ಕೇಳಿ ಹೇಳಿದ್ದು ಎಂದು ಕೆಳಗೆ ಬರೆದು ಏರಿಸಿದರು.

ದೊಡ್ಡ ಮೇಡಂ ಈಗ ಏಳು, ಎಂಟನೇ ತರಗತಿಗಳಿಗೂ ಫಲಕ ಮಾಡಿಕೊಡಿ ಎನ್ನುತ್ತಿದ್ದಾರೆ. ಮಾಡುತ್ತೇನೆ. ಈ ಕೆಲಸ ನನಗೆ ಬರುತ್ತದೆ ಅಕ್ಕ, ಅದನ್ನು ಜಂಬವಿಲ್ಲದೆ ಹೇಳಬಲ್ಲೆ.

ನಿನ್ನ ಬೈಗುಳಕ್ಕೆ ಹೆದರದ,
ತಂಗಿ

ತಾ.ಕ.: ನಿನ್ನೆ ಭಾವ ಫೋನ್ ಮಾಡಿದ್ದರು. ಆ ಹಳೆಯ ವಿಡಿಯೊ ಯಾರೋ ನಿನಗೂ ಕಳಿಸಿದ್ದರಂತೆ. ನಿನ್ನ ಸಕ್ಕರೆ ಮಾತ್ರೆಗಳು ಡಬ್ಬಿಯಲ್ಲಿ ಹಾಗೇ ಉಳಿದಿವೆಯಂತೆ. ಅವರ ಮೇಲೆ ಕೂಗಾಡಬೇಡ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಸೋಮವಾರ ಡಾಕ್ಟರ ಹತ್ತಿರ ಹೋಗೋಣ, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾ ಬಾ. ಅಲ್ಲಿಯವರೆಗೆ ರಾತ್ರಿಯ ಮಾತ್ರೆ ನುಂಗು ಅಕ್ಕ. ನನಗೆ ಇರುವುದು ನೀನೊಬ್ಬಳೇ.