ಅಪ್ಪ ಹಾಕಿದ ಬೀಗ

ಭಾನುವಾರ, ಬೆಳಿಗ್ಗೆ

ನನ್ನ ಗುಬ್ಬಿಗೆ,

ಮೊದಲ ಸಾಲಿನಲ್ಲೇ ‘ನಾವೆಲ್ಲ ಕ್ಷೇಮ’ ಎಂದು ಬರೆದುಬಿಡುವುದು ನಮ್ಮ ಕಾಲದವರ ರೂಢಿ. ಬದುಕಿಡೀ ಬೇರೆಯವರ ಕರಡು ತಿದ್ದಿದವಳು ನಾನು, ನನ್ನ ಕಾಗದವನ್ನು ತಪ್ಪಿನಿಂದಲೇ ಶುರು ಮಾಡಲಾರೆ. ನೇರ ವಿಷಯಕ್ಕೆ ಬರುತ್ತೇನೆ. ಆರೈಕೆ ಕೇಂದ್ರದ ಮೇಲ್ವಿಚಾರಕಿ ನಿನಗೆ ಫೋನು ಮಾಡಿ ಹೇಳಿದ್ದು ನಿಜ. ಅವರ ಮೆಟ್ಟಿಲ ಬಾಗಿಲಿನ ಬೀಗವನ್ನು ಕೀ ಇಲ್ಲದೆ ತೆಗೆದದ್ದು ನಾನೇ.

“ಅಮ್ಮಾ, ಅಪ್ಪಂಗೆ ಮರೆವು ಬಂತು, ನಿಂಗೇನು ಬಂತು? ಈ ವಯಸ್ಸಲ್ಲಿ ಕಳ್ಳತನ ಕಲೀತಾರಾ?” ಎಂದು ನೀನು ಮೊನ್ನೆ ಫೋನಿನಲ್ಲಿ ಕೇಳಿದೆ. ಆಗ ಉತ್ತರ ಕೊಡಲಿಲ್ಲ, ಯಾಕೆಂದರೆ ಅಪ್ಪ ಪಕ್ಕದಲ್ಲೇ ಕೂತಿದ್ದರು. ಮರೆವಿನವರಿಗೆ ಕಿವಿಯೂ ಕೇಳುವುದಿಲ್ಲ ಎಂದು ಜನ ತಿಳಿದಂತಿದೆ. ಕೇಳುತ್ತದೆ. ಈಗ ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದಾರೆ. ಮನೆ ತಣ್ಣಗಿದೆ. ಬರೆಯಲು ಇಷ್ಟು ಬಿಡುವು ಸಿಕ್ಕಿದ್ದು ಅಪರೂಪ, ಹಾಗಾಗಿ ಎಲ್ಲವನ್ನೂ ಬರೆಯುತ್ತೇನೆ. ತಿಂಗಳ ಕೊನೆಯೊಳಗೆ ಆ ಕೇಂದ್ರಕ್ಕೆ ಹೂಂ ಅಥವಾ ಊಹೂಂ ಹೇಳಬೇಕು, ಇಲ್ಲದಿದ್ದರೆ ಅಪ್ಪನಿಗೆಂದು ಇಟ್ಟಿರುವ ಹಾಸಿಗೆ ಬೇರೆಯವರಿಗೆ ಹೋಗುತ್ತದೆ ಎಂದಿದ್ದೀಯ. ನನ್ನ ಮಾತು ಕೇಳಿದ ಮೇಲೆ ನೀನೇ ನಿರ್ಧರಿಸು.

ಅಪ್ಪ ಕೆಲಸ ಮಾಡುತ್ತಿದ್ದ ಗೋದಾಮು ಮುಚ್ಚಿದ ವರ್ಷ ನಿನಗೆ ನೆನಪಿರಲಾರದು, ನನಗಿದೆ. ಅದರ ಕೀಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಬಾಳಿದ ಸ್ಟೋರ್‌ಕೀಪರನಿಗೆ ಬೀಳ್ಕೊಡುಗೆಯ ದಿನ ದೊಡ್ಡವರೊಬ್ಬರು ಹೂವಿನ ಹಾರ ಹಾಕಿ, ಭಾಷಣದಲ್ಲಿ ಹೆಸರನ್ನೇ ತಪ್ಪು ಹೇಳಿದರು. ಅಪ್ಪ ನಗುತ್ತಾ ಕೂತಿದ್ದರು. ಪತ್ರಿಕೆಗೆ ನಾನು ಉದ್ದದ ಓದುಗರ ಪತ್ರ ಬರೆದೆ. ಸಂಪಾದಕರು ಅದನ್ನು ಎರಡು ಸಾಲಿಗೆ ಇಳಿಸಿ ಹಾಕಿದರು. ಗುಜರಿಗೆ ಹೋಗಲಿದ್ದ ಬೀಗಗಳನ್ನು ಅಪ್ಪ ಗೋಣಿಚೀಲದಲ್ಲಿ ತುಂಬಿ ಮನೆಗೆ ತಂದರು. “ಇವೆಲ್ಲ ಯಾಕ್ರೀ?” ಎಂದದ್ದಕ್ಕೆ, “ಪಾಪ, ಎಷ್ಟು ವರ್ಷ ಬಾಯಿ ಮುಚ್ಕೊಂಡು ಕೆಲಸ ಮಾಡಿದಾವೆ, ಬಿಟ್ಟು ಬರೋಕಾಗುತ್ತಾ?” ಎಂದರು. ಆ ಚೀಲ ಮಂಚದ ಕೆಳಗೆ ಹಾಗೇ ಮಲಗಿತ್ತು.

ಹೋದ ಮಳೆಗಾಲದಲ್ಲಿ ಅದು ಎದ್ದಿತು. ಮೊದಲು ಬಟ್ಟೆಯ ಬೀರು, ಆಮೇಲೆ ಅಡುಗೆಮನೆಯ ಕಪಾಟು, ನನ್ನ ಪುಸ್ತಕದ ಅಲ್ಮೇರಾ, ಕೊನೆಗೆ ಬಚ್ಚಲುಮನೆ. ಸಂಜೆಯಾಯಿತೆಂದರೆ ಅವರ ಪಾಳಿ ಮುಗಿಯುತ್ತದೆ. ಒಂದೊಂದಕ್ಕೂ ಬೀಗ ಹಾಕಿ, ಜಗ್ಗಿ ನೋಡಿ, ಕೀಗಳನ್ನು ‘ಭದ್ರವಾದ ಜಾಗ’ದಲ್ಲಿ ಇಡುತ್ತಾರೆ. ಆ ಜಾಗ ಯಾವುದೆಂದು ಬೆಳಿಗ್ಗೆ ಅವರಿಗೇ ಗೊತ್ತಿರುವುದಿಲ್ಲ. ಒಂದು ಕೀ ಹೂಕುಂಡದಲ್ಲಿ ಸಿಕ್ಕಿತು, ಇನ್ನೊಂದು ನನ್ನ ಚಪ್ಪಲಿಯೊಳಗೆ. ಉಳಿದವು ಎಲ್ಲಿವೆಯೋ ಅವನ್ನು ಇಟ್ಟ ಗಳಿಗೆಗೇ ಗೊತ್ತು.

ಬೀಗ ರಿಪೇರಿಯವನನ್ನು ಕರೆಸಿದೆ. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ, ಸುತ್ತಿಗೆ. ಕಪಾಟಿನ ಬೀಗದ ಕೊಂಡಿ ತುಂಡಾಗಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಅಪ್ಪ ಓಡಿ ಬಂದರು. ತುಂಡುಗಳನ್ನು ಆಯ್ದು ಬೊಗಸೆಯಲ್ಲಿ ಹಿಡಿದು, “ಯಾರೇ ಒಳಗೆ ನುಗ್ಗಿದ್ದು? ನನ್ನ ಪಾಳೀಲಿ ಇವತ್ತಿನವರೆಗೂ ಕಳ್ಳತನ ಆಗಿಲ್ಲ ಕಣೇ” ಎಂದು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನಿನ್ನ ಮದುವೆಯಲ್ಲೂ ನೋಡಿರಲಿಲ್ಲ. ಅವತ್ತಿಂದ ದಿನಗಟ್ಟಲೆ ನಿದ್ದೆ ಮಾಡದೆ ಬಾಗಿಲಲ್ಲೇ ಕೂತರು. ಇನ್ನು ಈ ಮನೆಯಲ್ಲಿ ಯಾವ ಬೀಗವೂ ಒಡೆಯಕೂಡದೆಂದು ಆಗ ತೀರ್ಮಾನಿಸಿದೆ.

ಸುತ್ತಿಗೆಯವನನ್ನು, ಒಡೆಯದೆ ತೆಗೆಯುವುದು ಹೇಗಪ್ಪಾ ಎಂದು ಕೇಳಿದರೆ, “ಅದೆಲ್ಲ ಸಂಸಾರಸ್ಥರಿಗೆ ಬೇಡ ಬಿಡಿ ಅಮ್ಮಾ, ನಾಳೆ ಬೀದೀಲಿ ಏನಾದ್ರೂ ಕಳುವಾದ್ರೆ ನಿಮ್ಮನ್ನೇ ಹುಡುಕ್ಕೊಂಡು ಬರ್ತಾರೆ” ಎಂದು ನಕ್ಕ. ಗ್ರಂಥಾಲಯದಲ್ಲಿ ಬೀಗದ ಒಳಚಿತ್ರವಿದ್ದ ಹಳೆಯ ಪುಸ್ತಕವೊಂದು ಸಿಕ್ಕಿತು. ಉಳಿದದ್ದು ನೀನು ಕೊಡಿಸಿದ ಮೊಬೈಲಿನ ವಿಡಿಯೋಗಳಲ್ಲಿ. ಅಲ್ಲಿ ಮುಖವಿಲ್ಲದ ಎರಡು ಕೈಗಳು ಬರುತ್ತವೆ, ಕ್ಷಣಮಾತ್ರದಲ್ಲಿ ಬೀಗ ತೆಗೆದು ಮಾಯವಾಗುತ್ತವೆ. ಕಲಿಯುವವರ ಕಷ್ಟ ಆ ಕೈಗಳಿಗೇನು ಗೊತ್ತು?

ಬೀಗದ ಹೊಟ್ಟೆಯಲ್ಲಿ ಸಣ್ಣ ಪಿನ್ನುಗಳು ಸಾಲಾಗಿ ನಿಂತಿರುತ್ತವೆ, ಒಂದೊಂದರ ನೆತ್ತಿಯ ಮೇಲೂ ಒಂದು ಸ್ಪ್ರಿಂಗು. ಸರಿಯಾದ ಕೀ ಎಲ್ಲವನ್ನೂ ಒಟ್ಟಿಗೆ ಅವುಗಳ ಎತ್ತರಕ್ಕೆ ಎತ್ತಿ ನಿಲ್ಲಿಸುತ್ತದೆ. ಕೀ ಇಲ್ಲದವರು ಒಂದೊಂದನ್ನೇ ಎತ್ತಬೇಕು. ಬಗ್ಗಿಸಿದ ತಂತಿಯೊಂದರಿಂದ ಕೀ ತಿರುಗಿಸುವ ಕಡೆಗೆ ತುಸು ಒತ್ತಿ ಹಿಡಿದು, ಇನ್ನೊಂದರಿಂದ ಒಳಗೆ ತಡಕಬೇಕು. ಬಿಗಿಯಾಗಿ ನಿಂತ ಪಿನ್ನನ್ನು ಮೊದಲು ಎತ್ತಬೇಕು. ಅದು ಕೂತಾಗ ಬೆರಳಿಗೆ ‘ಟಿಕ್’ ಎಂದು ತಿಳಿಯುತ್ತದೆ. ಹೊಲಿಗೆ ಮೆಷಿನ್ನಿನ ಡಬ್ಬದಲ್ಲಿದ್ದ ಮುರಿದ ಛತ್ರಿಯ ಕಡ್ಡಿಗಳನ್ನು ಉಜ್ಜಿ, ಬಗ್ಗಿಸಿ, ನನ್ನ ತಂತಿಗಳನ್ನು ಮಾಡಿಕೊಂಡೆ.

ಮೊದಮೊದಲು ಒಂದೂ ಬರಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತು. ಸಂಪಾದಕರ ಮೇಲೆ ಹೇರುವ ಒತ್ತಡವನ್ನೇ ಬೀಗದ ಮೇಲೂ ಹೇರಿದೆ. ಜೋರಾಗಿ ಒತ್ತಿದರೆ ಪಿನ್ನುಗಳೆಲ್ಲ ಹಟ ಹಿಡಿದು ನಿಲ್ಲುತ್ತವೆ, ಒಂದೂ ಅಲ್ಲಾಡುವುದಿಲ್ಲ. ಬೆರಳು ಕೆಂಪಾಯಿತು, ತಂತಿ ಡೊಂಕಾಯಿತು. ಕೊನೆಗೊಂದು ದಿನ ಮಧ್ಯಾಹ್ನ, ತೂಕಡಿಕೆಯಲ್ಲಿ ಕೈ ತಾನಾಗಿ ಸಡಿಲವಾದಾಗ, ಮಡಿಲಲ್ಲಿದ್ದ ಬೀಗ ಬಾಯಿ ಬಿಟ್ಟಿತು. ಆಯಾಸವೂ ಒಂದು ವಿದ್ಯೆ ಕಲಿಸುತ್ತದೆ ಎಂದು ಗೊತ್ತಿರಲಿಲ್ಲ. ಎದುರಿಗೆ ಕೂತಿದ್ದ ಅಪ್ಪ ನನ್ನ ಕೈಯಲ್ಲಿದ್ದ ಎರಡು ಕಡ್ಡಿಗಳನ್ನು ಬಹಳ ಹೊತ್ತು ನೋಡಿ, “ಯಾರಿಗೇ ಸ್ವೆಟರು?” ಎಂದು ಕೇಳಿದರು. “ಗುಬ್ಬಿಗೆ ರೀ” ಎಂದೆ. “ಬಣ್ಣ ಚೆನ್ನಾಗಿದೆ” ಎಂದರು.

ಈಗ ಮನೆ ನಡೆಯುವುದು ಹೀಗೆ. ಬೆಳಿಗ್ಗೆ ಅವರು ಏಳುವ ಮುಂಚೆ ಬಚ್ಚಲುಮನೆಯ ಬೀಗ ತೆಗೆದಿಟ್ಟು, ಅವರು ಸ್ನಾನಕ್ಕೆ ಹೋದಾಗ ಕಪಾಟು ತೆಗೆದು, ದಿನಕ್ಕೆ ಬೇಕಾದ ಸಕ್ಕರೆ, ಚಹಾಪುಡಿ, ಮಾತ್ರೆ ಹೊರಗಿಟ್ಟುಕೊಂಡು ಮತ್ತೆ ಬೀಗ ಒತ್ತಿಬಿಡುತ್ತೇನೆ. ಸಂಜೆ ಅವರು ಜಗ್ಗಿ ನೋಡುತ್ತಾರೆ, ಭದ್ರವಾಗಿರುತ್ತದೆ, ನೆಮ್ಮದಿಯಾಗಿ ಮಲಗುತ್ತಾರೆ. ನನ್ನ ಮನೆಯಲ್ಲಿ ನಾನೇ ಕಳ್ಳಿ, ಅವರೇ ಕಾವಲು. ಓದಬೇಕೆನಿಸಿದರೆ ನನ್ನ ಪುಸ್ತಕವನ್ನೂ ಕದ್ದೇ ಓದಬೇಕು. ಅಂದಹಾಗೆ, ಆ ಬೀಗಗಳಲ್ಲೊಂದರ ಬೆನ್ನ ಮೇಲೆ ‘ಅಭೇದ್ಯ’ ಎಂದು ಕೊರೆದಿದ್ದಾರೆ. ಛತ್ರಿಯ ಕಡ್ಡಿಗೆ ಬಾಯಿ ಬಿಡುವ ಬೀಗ ಅಭೇದ್ಯವಂತೆ. ಈ ದೇಶದಲ್ಲಿ ವಿಶೇಷಣಗಳಿಗೆ ಹೇಳುವವರು ಕೇಳುವವರು ಇಲ್ಲ.

ಇನ್ನು ಆ ಕೇಂದ್ರದ ವಿಷಯ. ನಿನ್ನ ಒತ್ತಾಯಕ್ಕೆ ಅಪ್ಪನನ್ನು ಕರೆದುಕೊಂಡು ನೋಡಲು ಹೋದೆ. ಅವರ ಕರಪತ್ರದಲ್ಲಿ ‘ಮುಕ್ತ, ಆತ್ಮೀಯ ವಾತಾವರಣ’ ಎಂದಿತ್ತು. ಮಹಡಿಯ ಮೆಟ್ಟಿಲಿಗೆ ಕಬ್ಬಿಣದ ಸರಳಿನ ಬಾಗಿಲು, ಹೊರಗಡೆಯಿಂದ ಅದಕ್ಕೊಂದು ಬೀಗ. ಇದೇನು ಎಂದರೆ ಮೇಲ್ವಿಚಾರಕಿ, “ಬೀಗ ಅಂತೇನಿಲ್ಲ ಅಮ್ಮಾ, ಸುಮ್ನೆ ಸೇಫ್ಟಿಗೆ” ಎಂದಳು. ಕಣ್ಣೆದುರು ತೂಗುತ್ತಿರುವ ಬೀಗವನ್ನು ಬೀಗವಲ್ಲ ಎಂದು ಹೇಳಲು ಎಂಥ ತರಬೇತಿ ಬೇಕೋ. ನಾವೆಲ್ಲ ಮೇಲೆ ಹತ್ತಿ, ಕಿಟಕಿಯ ಪಕ್ಕದ ಹಾಸಿಗೆ ನೋಡುತ್ತಿರುವಾಗ ಅಪ್ಪ ಬಾಗಿಲ ಬಳಿ ನಿಂತರು. ತೆರೆದ ಬೀಗ ಕೊಂಡಿಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅವರು ಬಾಗಿಲೆಳೆದು, ಸರಳಿನ ಸಂದಿಯಲ್ಲಿ ಕೈ ಹಾಕಿ, ಬೀಗ ಒತ್ತಿ, ಜಗ್ಗಿ ನೋಡಿ, “ಹೀಗೆಲ್ಲ ಬಿಡಬಾರದು ತಾಯಿ, ಮಾಲು ಹೋದರೆ ಯಾರು ಜವಾಬ್ದಾರಿ?” ಎಂದು ಅವಳಿಗೇ ಬುದ್ಧಿ ಹೇಳಿದರು.

ಅಪ್ಪನೂ ಸೇರಿ ನಾವೆಲ್ಲ ಒಳಗೇ ಸಿಕ್ಕಿಬಿದ್ದೆವು. ಕೀ ಕಾವಲುಗಾರನ ಜೇಬಿನಲ್ಲಿತ್ತು, ಕಾವಲುಗಾರ ಊಟಕ್ಕೆ ಮನೆಗೆ ಹೋಗಿದ್ದ. ಮೇಲ್ವಿಚಾರಕಿ ಕೂಗಿದಳು, ಫೋನು ಮಾಡಿದಳು, ಬೆವರಿದಳು. ಒಳಗಿನಿಂದ ಅಜ್ಜಿಯೊಬ್ಬರು ನಿಧಾನವಾಗಿ ಬಂದು, “ಅಭ್ಯಾಸ ಆಗುತ್ತೆ ಬಿಡಮ್ಮ, ನಮಗೂ ಮೊದಮೊದಲು ಹೀಗೇ ಆಗ್ತಿತ್ತು” ಎಂದು ಅವಳ ಬೆನ್ನು ಸವರಿದರು. ಆ ಮಾತು ಕೇಳಿ ನಾನು ಕೈಚೀಲದಿಂದ ತಂತಿಗಳನ್ನು ತೆಗೆದೆ. ಅಂಥ ಕಷ್ಟದ ಬೀಗವೇನಲ್ಲ. ತೆರೆದಾಗ ಮೇಲ್ವಿಚಾರಕಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಸೀದಾ ನಿನಗೆ ಫೋನು ಮಾಡಿದಳು.

ಇಷ್ಟೇ ನಡೆದದ್ದು. ಅಲ್ಲಿ ಬೀಗ ಹಾಕುವವರು ಬೇರೆಯವರಾಗುತ್ತಾರೆ, ಅಪ್ಪ ಒಳಗಿನವರಾಗುತ್ತಾರೆ. ಬಾಳಿನುದ್ದಕ್ಕೂ ಬೀಗದ ಹೊರಗೆ ನಿಂತವರು ಅವರು. ಇಲ್ಲಿ ಅವರದೇ ಬೀಗ, ಅವರದೇ ಪಾಳಿ. ನನಗೇನೂ ಕಷ್ಟವಿಲ್ಲ, ಕೈಯಲ್ಲಿ ವಿದ್ಯೆಯಿದೆ. ನೀನು ರಜೆ ಹಾಕಿ ಓಡಿಬರುವ ಅಗತ್ಯವಿಲ್ಲ. ಅವರಿಗೆ ಊಹೂಂ ಎಂದು ಹೇಳಿಬಿಡು.

ಅಳಿಯಂದಿರಿಗೆ ಆಶೀರ್ವಾದ. ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೋ.

ಇಂತಿ, ಕಳ್ಳತನ ಕಲಿತ
ನಿನ್ನ ಅಮ್ಮ

ಮರೆತ ಮಾತು: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಪ್ಪ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದಾರೆ ಎಂದೆನಲ್ಲ, ಅದು ಅರ್ಧ ನಿಜ. ಬೆಳಿಗ್ಗೆ ಅವರು ವರಾಂಡದ ಗ್ರಿಲ್ಲಿಗೆ ಹೊರಗಿನಿಂದ ಬೀಗ ಹಾಕಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ನಾನು ಒಳಗಿದ್ದೇನೆ. ಇದು ಮೊದಲ ಸಲವೇನಲ್ಲ. ಸ್ವಲ್ಪ ಹೊತ್ತಿನ ಹಿಂದೆ ಪೇಪರಿನವನು ಬಂದು ಅಮ್ಮ ಇದಾರಾ ಎಂದು ಕೇಳಿದ. “ಒಳಗೆ ಯಾರೂ ಇಲ್ಲಪ್ಪ, ನಾನೇ ನೋಡಿ ಬೀಗ ಹಾಕಿದೀನಿ” ಎಂದರು. ಸುಳ್ಳು ಹೇಳುವ ದನಿಯಾಗಿರಲಿಲ್ಲ.

ಸರಳಿನ ಸಂದಿಯಲ್ಲಿ ಕೈ ಹಾಕಿದರೆ ಬೀಗ ಸಿಗುತ್ತದೆ. ತಂತಿಗಳೂ ಮೇಜಿನ ಮೇಲೇ ಇವೆ. ಆಗಲೇ ತೆಗೆಯಬಹುದಿತ್ತು, ತೆಗೆಯಲಿಲ್ಲ. ಕಿಟಕಿಯಿಂದ ಅವರ ಬೆನ್ನು ಕಾಣುತ್ತದೆ, ಆಗಾಗ ನೋಡುತ್ತಿದ್ದೇನೆ. ಯಾರೂ ಏನೂ ಕೇಳದೆ, ಯಾವ ಕೀಯನ್ನೂ ಹುಡುಕದೆ ನಾನು ಹೀಗೆ ಕೂತು ಎಷ್ಟು ಕಾಲವಾಯಿತೋ. ಒಳಗೆ ಯಾರೂ ಇಲ್ಲ ಎನ್ನುವ ಮಾತಿನಲ್ಲಿ ಒಂದು ಗಳಿಗೆ ತಲೆಯಿಟ್ಟು ಮಲಗಿಬಿಡೋಣ ಎನಿಸಿತು.

ಆ ಕೇಂದ್ರಕ್ಕೆ ಹೇಳುವ ಊಹೂಂ ಹಾಗೇ ಇರಲಿ. ಆದರೆ ನೀನು ಬರುವ ಅಗತ್ಯವಿಲ್ಲ ಎಂದು ಮೇಲೆ ಬರೆದ ಸಾಲನ್ನು ಹೊಡೆದುಹಾಕು, ಅದು ಕರಡಿನ ತಪ್ಪು. ಬಾ. ಬಂದು ಸ್ವಲ್ಪ ದಿನ ಇರು, ನಿನಗೂ ಬೀಗ ತೆಗೆಯುವುದನ್ನು ಹೇಳಿಕೊಡುತ್ತೇನೆ. ನಿನ್ನ ಕೈ ನನ್ನ ಕೈಗಿಂತ ಹಗುರ.

ಅಂಚೆಪೆಟ್ಟಿಗೆ ಬೀದಿಯ ತುದಿಯಲ್ಲಿದೆ. ಈ ಕಾಗದ ನಿನ್ನನ್ನು ತಲುಪಿದೆಯೆಂದರೆ, ಎದ್ದು ಬೀಗ ತೆಗೆದಿದ್ದೇನೆ ಎಂದು ತಿಳಿದುಕೋ.