ಎಂದಿಗೂ ಬಳಸಿ

ಆಮದು ವಿದ್ಯುತ್ ಉಪಕರಣಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಅಧಿಕಾರಿಗಳಿಗೆ

ಮಾನ್ಯರೇ,

ನೀವು ಮುದ್ರೆ ಒತ್ತಿ ಮಾರಾಟಕ್ಕೆ ಬಿಟ್ಟ ಒಂದು ಸೂಚನಾ ಹಾಳೆಯಲ್ಲಿ ‘ಬೇಡ’ ಎಂಬ ಎರಡಕ್ಷರ ಬಿಟ್ಟುಹೋಗಿತ್ತು. ಅದರಿಂದ ನನ್ನ ಅಕ್ಕ ನಿಂಗವ್ವ ಬಲಗಾಲು ಕಳೆದುಕೊಂಡಳು. ಆ ಹಾಳೆಯನ್ನು ಅವಳಿಗೆ ಓದಿ ಅರ್ಥ ಹೇಳಿದವನು ನಾನು. ಈ ಕುರಿತು ನಾನು ಬರೆದ ದೂರಿಗೆ ನಿಮ್ಮ ಕಚೇರಿ ಎರಡು ಸಾಲಿನ ಉತ್ತರ ಕಳಿಸಿದೆ: ಸೂಚನೆಗಳು ಕನ್ನಡದಲ್ಲಿವೆಯೇ ಎಂಬುದನ್ನು ಮಾತ್ರ ಪರಿಶೀಲಿಸಲಾಗುತ್ತದೆ, ಅವುಗಳ ಅರ್ಥ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಅರ್ಥ ಯಾರ ವ್ಯಾಪ್ತಿಗೆ ಬರುತ್ತದೆ ಎಂದು ತಿಳಿಸಿದ್ದರೆ ಈ ಪತ್ರವನ್ನು ಅವರಿಗೇ ಬರೆಯುತ್ತಿದ್ದೆ.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅಕ್ಕ ಖಾನಾಪುರದಲ್ಲಿ ಮಗ ಪ್ರಸಾದ, ಸೊಸೆ ಪೂರ್ಣಿಮಾರ ಜೊತೆ ಇದ್ದಾಳೆ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಅವಳ ಪಾದಗಳ ಸ್ಪರ್ಶವನ್ನು ತಿಂದುಹಾಕಿತ್ತು. ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯುತ್ತಿರಲಿಲ್ಲ. ಆದರೂ ಮಳೆಗಾಲ ಬಂತೆಂದರೆ ಒಳಗಿನಿಂದ ತಣ್ಣಗೆ ಕೊರೆಯುತ್ತದೆ ಎನ್ನುತ್ತಿದ್ದಳು. ಬೆಳಗಾವಿಯ ಆಟೋ ನಗರದ ವರ್ಕ್‌ಶಾಪೊಂದಕ್ಕೆ ದಿನಾ ಕೆಲಸಕ್ಕೆ ಬರುವ ಪ್ರಸಾದ, ಕಳೆದ ಜುಲೈನಲ್ಲಿ ಅವ್ವನಿಗೆಂದು ಕಾಲಿಗೆ ಶಾಖ ಕೊಡುವ ಒಂದು ವಿದ್ಯುತ್ ಪ್ಯಾಡು ಕೊಂಡೊಯ್ದ. ಆ ರವಿವಾರ ನಾನೂ ಅಲ್ಲಿಗೆ ಹೋಗಿದ್ದೆ. ಡಬ್ಬಿಯಲ್ಲಿದ್ದ ಹಾಳೆ ಸಹಜವಾಗಿಯೇ ನನ್ನ ಕೈಗೆ ಬಂತು.

ಎಂಥ ಹಾಳೆ ಅದು! ‘ಪ್ಲಗ್ಗನ್ನು ಗೋಡೆಯ ಬಾಯಿಗೆ ತಿನ್ನಿಸಿ.’ ‘ಮಕ್ಕಳಿಂದ ದೂರ ಹೋಗಿ.’ ಮಡಿಸಬೇಡಿ ಎನ್ನಬೇಕಾದಲ್ಲಿ ‘ಒದ್ದೆಯಾಗಿ ಮಡಿಯಬೇಡಿ’ ಎಂದಿತ್ತು. ಸಾಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುವ ಯಂತ್ರವನ್ನು ನಾನು ಅದೇ ಮೊದಲು ಕಂಡದ್ದು. ತರಗತಿಯಲ್ಲಿ ಓದುವಂತೆ ಒಂದೊಂದನ್ನೇ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕೆವು, ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ಒಂಬತ್ತನೆಯ ಸೂಚನೆ ಹೀಗಿತ್ತು: ‘ನಿದ್ರಿಸುವಾಗ ಎಂದಿಗೂ ಬಳಸಿ.’

ಪೂರ್ಣಿಮಾ ನಗು ನಿಲ್ಲಿಸಿ, “ಮಾವಾರ, ಬಳಸಬ್ಯಾಡ್ರಿ ಅಂತ ಇರಬೇಕೇನೋ ಅನಸ್ತೈತ್ರಿ” ಎಂದಳು.

ನಾನು ಅವಳಿಗೆ ವ್ಯಾಕರಣ ಹೇಳಿದೆ. ನಿಷೇಧವಿದ್ದರೆ ಕ್ರಿಯಾಪದದಲ್ಲಿ ಕಾಣಬೇಕು, ಇಲ್ಲಿ ಅದಿಲ್ಲ, ಆದ್ದರಿಂದ ಮಲಗಿದಾಗ ಸದಾ ಬಳಸಬಹುದೆಂದೇ ಅರ್ಥ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಹಾಳೆಯ ಹಿಂಬದಿಯಲ್ಲಿ ಮರಾಠಿ ಇತ್ತು. ಪಕ್ಕದ ಮನೆಯ ಅನಿಕೇತರನ್ನು ಕರೆದು ತೋರಿಸಿದಳು. ಅವರ ಮನೆಮಾತು ಮರಾಠಿ. ‘ಝೋಪತಾನಾ ಕಧೀಹೀ ವಾಪರಾ’ ಎಂದು ಓದಿ, ಮಲಗುವಾಗ ಯಾವಾಗ ಬೇಕಾದರೂ ಬಳಸಿ ಎಂದೇ ಬರೆದಿದೆಯಲ್ಲ ಎಂದರು. ನಮ್ಮ ಜಿಲ್ಲೆಯಲ್ಲಿ ಈ ಎರಡು ಭಾಷೆಗಳು ಇಷ್ಟು ಸಲೀಸಾಗಿ ಒಮ್ಮತಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ಮಾನ್ಯರೇ. ಅನುವಾದ ಮಾಡಿದ ಒಂದೇ ಯಂತ್ರ ಎರಡರ ಬಾಯಿಂದಲೂ ‘ಬೇಡ’ವನ್ನು ಕಿತ್ತುಕೊಂಡಿದೆ ಎಂದು ಯಾರಿಗೆ ಹೊಳೆಯಬೇಕು?

ಅಕ್ಕ ಮಾತು ಮುಗಿಸಿದಳು: “ನನ್ನ ತಮ್ಮ ಓದಿ ಹೇಳ್ಯಾನಲ್ಲ, ಇನ್ನ ಯಾರನ್ನ ಕೇಳೂದೈತಿ?”

ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಪ್ಯಾಡನ್ನು ಬಲಗಾಲಿಗೆ ಸುತ್ತಿಕೊಂಡು ಮಲಗಿದಳು. ಎರಡು ತಾಸಿನ ನಂತರ ಪೂರ್ಣಿಮಾಳಿಗೆ ಸುಟ್ಟ ವಾಸನೆ ಬಂತು. ಒಲೆಯ ಮೇಲೆ ಏನೋ ಸೀದಿದೆ ಎಂದುಕೊಂಡು ಮೊದಲು ಅಡುಗೆಮನೆಗೆ ಓಡಿದಳಂತೆ. ಅಕ್ಕ ಮಾತ್ರ ಹಾಯಾಗಿ ನಿದ್ರಿಸುತ್ತಿದ್ದಳು. ಸುಡುತ್ತಿರುವುದು ತನ್ನದೇ ಕಾಲು ಎಂದು ಹೇಳುವ ನರಗಳು ಅವಳಲ್ಲಿ ಉಳಿದಿರಲಿಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಹೋರಾಡಿ, ಕೊನೆಗೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇಂಥ ಕಾಲಿಗೆ ಇದನ್ನಿಟ್ಟು ಮಲಗಲು ಯಾರು ಹೇಳಿದರು ಎಂದು ವೈದ್ಯರು ಕೇಳಿದಾಗ ಪೂರ್ಣಿಮಾ ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ. ಆಮೇಲೆ ಡಬ್ಬಿಯನ್ನು ಹರಿದು ನೋಡಿದರೆ, ಒಳಮೈಯಲ್ಲಿ ಇರುವೆಗಾತ್ರದ ಇಂಗ್ಲಿಷಿನಲ್ಲಿ ಅದೇ ಸೂಚನೆ ಸರಿಯಾಗಿತ್ತು: ಮಲಗಿದಾಗ ಬಳಸಲೇಬಾರದು.

ಈಗ ವಾರಕ್ಕೆರಡು ಸಲ ಖಾನಾಪುರಕ್ಕೆ ಹೋಗುತ್ತೇನೆ. ಅಕ್ಕ ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಬದುಕುವುದು ಸುಲಭವಾಗುತ್ತಿತ್ತು. ಹೋದ ತಿಂಗಳು ಮಂಚದ ಬದಿಗೆ ಕೂತಿದ್ದೆ. “ತಮ್ಮಾ, ಬಲಗಾಲು ಭಾಳ ತಣ್ಣಗಾಗೇತಿ, ಏನರ ಹೊಚ್ಚು” ಎಂದಳು. ಕಡಿದ ಅಂಗ ಹಾಗೆ ಕಾಡುವುದುಂಟು ಎಂದು ವೈದ್ಯರು ನನಗೆ ಮೊದಲೇ ಹೇಳಿದ್ದರು. ಆದರೂ ನಾನು ಎದ್ದು, ಬರಿದಾಗಿದ್ದ ಆ ಜಾಗಕ್ಕೆ ಕೌದಿ ಹೊದಿಸಿ, ಅಂಚನ್ನು ಒಳಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಅಕ್ಕ, “ಈಗ ಬೆಚ್ಚಗಾತು” ಎಂದು ಕಣ್ಣು ಮುಚ್ಚಿದಳು. ಆ ಕೌದಿಯ ಕಡೆ ಮತ್ತೆ ನೋಡಲು ನನ್ನಿಂದ ಆಗಲಿಲ್ಲ.

ತಪ್ಪೆಲ್ಲ ನಿಮ್ಮದೇ ಎಂದು ನಾನು ಹೇಳುತ್ತಿಲ್ಲ. ನನ್ನ ಪಾಲಿನದನ್ನು ಮೇಲೆ ಬರೆದುಕೊಟ್ಟಿದ್ದೇನೆ. ನಿಮ್ಮ ಪಾಲಿನದನ್ನು ನೀವು ಬರೆಯುವುದು ಯಾವಾಗ? ಕಳೆದ ವಾರ ಅದೇ ಅಂಗಡಿಗೆ ಹೋಗಿದ್ದೆ. ಅದೇ ಪ್ಯಾಡು, ಅದೇ ಹಾಳೆ, ಅದೇ ಒಂಬತ್ತನೆಯ ಸೂಚನೆ. ಕೊಳ್ಳಲು ಬಂದ ಹೆಣ್ಣುಮಗಳೊಬ್ಬಳನ್ನು ತಡೆದೆ. ಅಂಗಡಿಯವರು ನನ್ನ ಭುಜ ಹಿಡಿದು ಹೊರಗೆ ಬಿಟ್ಟರು. ಅವಳು ಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ.

ನನಗೆ ಪರಿಹಾರ ಬೇಕಿಲ್ಲ. ಆ ಡಬ್ಬಿಗಳನ್ನು ಈ ವಾರವೇ ಅಂಗಡಿಗಳಿಂದ ವಾಪಸು ತರಿಸಿ. ಇನ್ನು ಮುಂದೆ ಕನ್ನಡ ಬಲ್ಲ ಒಬ್ಬ ಮನುಷ್ಯ ಪ್ರತಿ ಹಾಳೆಯನ್ನೂ ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳುವವರೆಗೆ ಮುದ್ರೆ ಒತ್ತಬೇಡಿ. ಹಾಗೆ ಓದಿದವರ ಹೆಸರು ಹಾಳೆಯ ಕೆಳಗೆ ಅಚ್ಚಾಗಲಿ. ತಪ್ಪಾದರೆ ನಿದ್ದೆಗೆಡಬೇಕಾದವರು ಯಾರೆಂದು ಅವರಿಗೂ ಗೊತ್ತಿರಲಿ.

ಇಂತಿ,
ನಿಂಗವ್ವನ ತಮ್ಮ
ಗುರುಪುತ್ರಪ್ಪ
ಸದಾಶಿವನಗರ, ಬೆಳಗಾವಿ